ಯಾರು ಕೊಂದರು ಎಂಬುದಷ್ಟೇ ಪ್ರಶ್ನೆಯಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಪ್ರಶ್ನೆಗೆ ಉತ್ತರ ಬರುತ್ತದೆ: ‘ಕರ್ನಾಟಕದ ಯಾವ ಎರಡು ಸಮುದಾಯಗಳು ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿವೆ?’ ಜೇನುಕುರುಬ, ಕೊರಗ. ಒಂದು ಅಂಕ. ಮುಂದಿನ ಪ್ರಶ್ನೆ.

ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ ನಾನು ಇದನ್ನು ಎಷ್ಟು ಸಲ ಜೋರಾಗಿ ಉರು ಹೊಡೆದಿದ್ದೇನೋ ಲೆಕ್ಕವಿಲ್ಲ. ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹುಡುಗಿ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಾಡಿಯವಳು, ಜೇನುಕುರುಬರವಳು. ನನಗಿಂತ ಮೂರು ವರ್ಷ ಚಿಕ್ಕವಳು, ಬಿ.ಎ. ಓದುತ್ತಿದ್ದಳು. ಒಂದು ರಾತ್ರಿ ಹೊದಿಕೆಯೊಳಗಿನಿಂದಲೇ, ‘ಒಂದ್ ಮಾರ್ಕ್ಸಿಗಾದ್ರೂ ಬತ್ತೀವಲ್ಲ, ಬಿಡಕ್ಕ’ ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಇಬ್ಬರ ನಗುವೂ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಅದೂ ಒಂದು ಅಮೆರಿಕನ್ ಥ್ರಿಲ್ಲರ್ ಓದುವಾಗ.

ಪುಸ್ತಕದ ಹೆಸರು ‘ಫೈರ್‌ಕೀಪರ್ಸ್ ಡಾಟರ್’. 2021ರಲ್ಲಿ ಬಂದದ್ದು. ಬರೆದವರು ಆಂಜಲಿನ್ ಬೌಲಿ. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಂತೆ ಸೂ ಸೇಂಟ್ ಮರಿ ಎಂಬ ಊರಿದೆ. ಅಲ್ಲಿನ ಒಜಿಬ್ವೆ ಮೂಲನಿವಾಸಿ ಸಮುದಾಯಕ್ಕೆ ಸೇರಿದವರು ಬೌಲಿ. ಹಳೆಯ ಪುಸ್ತಕದಂಗಡಿಯಲ್ಲಿ ಹೊದಿಕೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ಎತ್ತಿಕೊಂಡೆ. ಪರೀಕ್ಷೆಯ ಇಂಗ್ಲಿಷ್ ಸುಧಾರಿಸಲಿ ಎಂಬ ಲೆಕ್ಕಾಚಾರವೂ ಇತ್ತು. ಮೂರು ವಾರ ಹಿಡಿಯಿತು. ಕೊನೆಯ ನೂರು ಪುಟಗಳನ್ನು ಮಾತ್ರ ಒಂದೇ ರಾತ್ರಿ ಮುಗಿಸಿ, ಮರುದಿನದ ಮಾಕ್ ಟೆಸ್ಟ್ ತಪ್ಪಿಸಿಕೊಂಡೆ.

ಕಥೆ 2004ರಲ್ಲಿ ನಡೆಯುತ್ತದೆ. ಡಾನಿಸ್ ಫಾಂಟೇನ್‌ಗೆ ಹದಿನೆಂಟು ವರ್ಷ. ಅಪ್ಪ ಒಜಿಬ್ವೆ, ಅಮ್ಮ ಬಿಳಿಯ ಮನೆತನದವಳು. ಐಸ್ ಹಾಕಿ ಆಡುತ್ತಿದ್ದವಳು, ರಸಾಯನಶಾಸ್ತ್ರದಲ್ಲಿ ಚುರುಕು, ಡಾಕ್ಟರ್ ಆಗಬೇಕೆಂಬ ಆಸೆ. ಊರಿನಲ್ಲಿ ಮೆತ್ ಎಂಬ ಮಾದಕವಸ್ತು ಹಬ್ಬುತ್ತಿದೆ. ಅವಳ ಕಣ್ಣೆದುರೇ ಜೀವದ ಗೆಳತಿಯ ಕೊಲೆಯಾಗುತ್ತದೆ. ಆಮೇಲೆ ಎಫ್‌ಬಿಐ ಅವಳ ಬಳಿ ಬಂದು, ಗುಟ್ಟಾಗಿ ಮಾಹಿತಿ ಕೊಡುವ ಕೆಲಸ ಮಾಡುತ್ತೀಯಾ ಎಂದು ಕೇಳುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವುದಿಲ್ಲ, ಓದುವವರ ಖುಷಿ ಕೆಡಿಸಬಾರದು.

ಹದಿಹರೆಯದವರಿಗಾಗಿ ಬರೆದ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಗೌರವವಾದ ಪ್ರಿಂಟ್ಜ್ ಪ್ರಶಸ್ತಿ 2022ರಲ್ಲಿ ಇದಕ್ಕೆ ಬಂತು. ಚೊಚ್ಚಲ ಕೃತಿಗೆ ಕೊಡುವ ಮಾರಿಸ್ ಪ್ರಶಸ್ತಿಯೂ ಅದೇ ವರ್ಷ ಬಂತು. ಆದರೆ ನಾನು ಈ ಲೇಖನ ಬರೆಯುತ್ತಿರುವುದು ಪ್ರಶಸ್ತಿಯ ಕಾರಣಕ್ಕಲ್ಲ. ಮಾದಕವಸ್ತು, ಅತ್ಯಾಚಾರ, ನಾಪತ್ತೆಯಾಗುವ ಹೆಣ್ಣುಮಕ್ಕಳು, ಗೋರಿ ಅಗೆದು ಒಯ್ದ ಹಿರಿಯರ ಮೂಳೆಗಳು, ಇಂಥ ವಿಷಯಗಳನ್ನು ‘ಥ್ರಿಲ್ಲರ್’ ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಉತ್ತರ ಮಾತ್ರ ಸ್ಪಷ್ಟ: ಮೂಲನಿವಾಸಿ ಸಮುದಾಯಗಳ ಇಂದಿನ ಬದುಕನ್ನು ಹೇಳಲು ಥ್ರಿಲ್ಲರ್ ಕೀಳು ದಾರಿಯಲ್ಲ. ಎಷ್ಟೋ ಸಲ ಅದೇ ಪ್ರಾಮಾಣಿಕ ದಾರಿ.

ಯಾಕೆ ಹಾಗೆನ್ನುತ್ತೇನೆ?

ಸಾಮಾನ್ಯ ಪತ್ತೇದಾರಿ ಕಥೆಯ ನಡೆ ನಿಮಗೆ ಗೊತ್ತು. ಕೊಲೆ ನಡೆಯುತ್ತದೆ. ಪತ್ತೇದಾರ ಬರುತ್ತಾನೆ. ಸುಳಿವು ಹಿಡಿಯುತ್ತಾನೆ. ಕೊನೆಯ ಪುಟದಲ್ಲಿ ಪೊಲೀಸರು ಕೈಕೋಳ ತೊಡಿಸುತ್ತಾರೆ. ಓದುಗ ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಾನೆ. ಇದಕ್ಕೆಲ್ಲ ತಳಹದಿಯಾಗಿ ಒಂದು ನಂಬಿಕೆ ಇದೆ, ಅಪರಾಧಿ ಯಾರೆಂದು ಗೊತ್ತಾದರೆ ಸಾಕು, ಶಿಕ್ಷೆ ತಾನಾಗಿಯೇ ಆಗುತ್ತದೆ ಎಂಬುದು.

ಅಮೆರಿಕದ ಮೂಲನಿವಾಸಿ ಪ್ರದೇಶಗಳಲ್ಲಿ ಆ ತಳಹದಿಯೇ ಅಲುಗಾಡುತ್ತದೆ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಲಿಫಂಟ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಬುಡಕಟ್ಟಿಗೆ ಸೇರದ ವ್ಯಕ್ತಿ ಬುಡಕಟ್ಟಿನ ನೆಲದಲ್ಲೇ ಅಪರಾಧ ಮಾಡಿದರೂ ಅವನ ಮೇಲೆ ಕ್ರಿಮಿನಲ್ ವಿಚಾರಣೆ ನಡೆಸುವ ಅಧಿಕಾರ ಬುಡಕಟ್ಟಿನ ನ್ಯಾಯಾಲಯಕ್ಕಿಲ್ಲ ಎಂಬುದು ಅದರ ಸಾರ. ಹಾಗಾದರೆ ಯಾರು ನಡೆಸಬೇಕು? ಎಷ್ಟೋ ಕಡೆ ಆ ಹೊಣೆ ಕೇಂದ್ರ ಸರ್ಕಾರದ ವಕೀಲರ ಮೇಲೆ ಬೀಳುತ್ತದೆ. ಅವರ ಕಚೇರಿ ನೂರಾರು ಮೈಲಿ ದೂರದಲ್ಲಿರಬಹುದು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2010ರಲ್ಲಿ ಕೊಟ್ಟ ವರದಿಯ ಪ್ರಕಾರ, 2005ರಿಂದ 2009ರ ನಡುವೆ ಮೂಲನಿವಾಸಿ ಪ್ರದೇಶಗಳಿಂದ ಬಂದ ಪ್ರಕರಣಗಳಲ್ಲಿ ಅರ್ಧದಷ್ಟನ್ನು ಆ ವಕೀಲರು ಕೈಗೆತ್ತಿಕೊಳ್ಳಲೇ ಇಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಂತೂ ನೂರಕ್ಕೆ 67ರಷ್ಟು ಹಾಗೇ ಬಿದ್ದುಹೋದವು.

ಈಗ ಡಾನಿಸ್ ಕಥೆಗೆ ಬನ್ನಿ. ಕಾದಂಬರಿಯಲ್ಲಿ ಒಂದು ಅತ್ಯಾಚಾರದ ಪ್ರಸಂಗವಿದೆ. ಮಾಡಿದವನು ಯಾರೆಂದು ಓದುಗರಿಗೆ ಗೊತ್ತು, ಅವಳಿಗೂ ಗೊತ್ತು. ಪತ್ತೆ ಮಾಡಲು ಏನೂ ಉಳಿದಿಲ್ಲ. ಆದರೆ ನೆಲ ಬುಡಕಟ್ಟಿನದು, ಅವನು ಬುಡಕಟ್ಟಿನವನಲ್ಲ. ಡಾನಿಸ್ ಕಾನೂನಿನ ಈ ಲೆಕ್ಕವನ್ನು ತಲೆಯಲ್ಲೇ ಕೂಡಿ ಕಳೆದು ಮುಗಿಸುತ್ತಾಳೆ. ಹದಿನೆಂಟರ ಹುಡುಗಿಗೆ ಅದು ಅಷ್ಟು ಬೇಗ ಹೊಳೆಯುತ್ತದಲ್ಲ, ನನಗೆ ಭಯ ಹುಟ್ಟಿಸಿದ್ದು ಅದು. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಯಾವ ಬೀದಿಯಲ್ಲಿ ಎಷ್ಟು ಹೊತ್ತಿನ ಮೇಲೆ ಹೋಗಬಾರದು ಎಂದು ಗೊತ್ತಿರುವ ಹಾಗೆ, ಅಲ್ಲಿನವರಿಗೆ ಯಾವ ನೆಲದಲ್ಲಿ ಯಾವ ಕಾನೂನು ಕೈಬಿಡುತ್ತದೆ ಎಂದು ಗೊತ್ತು.

ಇದೇ ಗಂಟನ್ನು ಲೂಯಿಸ್ ಅರ್ಡ್ರಿಕ್ ಅವರ ‘ದಿ ರೌಂಡ್ ಹೌಸ್’ ಕಾದಂಬರಿಯಲ್ಲೂ ಕಾಣಬಹುದು. 2012ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕೃತಿ. ಹದಿಮೂರರ ಹುಡುಗ ಜೋ ತನ್ನ ತಾಯಿಯ ಮೇಲೆ ನಡೆದ ದಾಳಿಯನ್ನು ಬೆನ್ನಟ್ಟುತ್ತಾನೆ. ಅವನ ಅಪ್ಪ ಸ್ವತಃ ಬುಡಕಟ್ಟು ನ್ಯಾಯಾಲಯದ ನ್ಯಾಯಾಧೀಶ. ಆದರೂ ಪ್ರಕರಣ ನಿಂತುಬಿಡುತ್ತದೆ. ಕೃತ್ಯ ನಡೆದದ್ದು ಯಾರ ವ್ಯಾಪ್ತಿಯ ನೆಲದಲ್ಲಿ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ನ್ಯಾಯಾಧೀಶನ ಮನೆಯಲ್ಲೇ ನ್ಯಾಯ ಸಿಗದ ಸ್ಥಿತಿ. ಅದು ದೊಡ್ಡವರಿಗೆಂದು ಬರೆದ ಕಾದಂಬರಿಯಾದರೂ, ಕಥೆ ಹೇಳುವ ಹುಡುಗನ ಕಾರಣಕ್ಕೆ ನಮ್ಮ ವಯಸ್ಸಿನವರ ಮನಸ್ಸಿಗೆ ಬೇಗ ತಟ್ಟುತ್ತದೆ.

ಆ ಕಾನೂನು ಇಂದಿಗೂ ಹಾಗೇ ಇದೆಯೇ? ಸ್ವಲ್ಪ ಬದಲಾಗಿದೆ. 2013ರಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ನವೀಕರಿಸಿದಾಗ, ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಹೊರಗಿನವರನ್ನೂ ವಿಚಾರಿಸುವ ಅಧಿಕಾರವನ್ನು ಬುಡಕಟ್ಟು ನ್ಯಾಯಾಲಯಗಳಿಗೆ ಷರತ್ತುಗಳೊಂದಿಗೆ ಮರಳಿ ಕೊಟ್ಟರು. 2022ರಲ್ಲಿ ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆಯಂಥ ಅಪರಾಧಗಳಿಗೂ ಅದನ್ನು ವಿಸ್ತರಿಸಿದರು. ಬೌಲಿಯವರ ಕಥೆ 2004ರಲ್ಲಿ ನಡೆಯುವುದರಿಂದ ಈ ಯಾವ ಬಾಗಿಲೂ ಡಾನಿಸ್‌ಗೆ ತೆರೆದಿಲ್ಲ. ಮೂವತ್ತೈದು ವರ್ಷ ಮುಚ್ಚಿದ್ದ ಬಾಗಿಲ ಎದುರು ನಿಂತವರ ಬದುಕು ಹೇಗಿತ್ತು ಎಂಬುದನ್ನು ಅವಳ ಮೂಲಕ ನೋಡುತ್ತೇವೆ.

ಇಂಥ ಪುಸ್ತಕಗಳಲ್ಲಿ ‘ಯಾರು ಮಾಡಿದರು’ ಎಂಬುದು ಮೊದಲ ಪ್ರಶ್ನೆ ಮಾತ್ರ. ‘ಗೊತ್ತಿದ್ದೂ ಯಾರೂ ಯಾಕೆ ಕೇಳಲಿಲ್ಲ’ ಎಂಬುದು ನಿಜವಾದ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ಪ್ರಬಂಧದಲ್ಲಿ ಕೇಳಿದರೆ ನಾವು ಅಡಿಗೆರೆ ಎಳೆದು ಮುಂದೆ ಹೋಗುತ್ತೇವೆ. ಥ್ರಿಲ್ಲರಿನಲ್ಲಿ ಕೇಳಿದರೆ ಉತ್ತರ ಸಿಗುವ ತನಕ ಪುಟ ತಿರುವುತ್ತೇವೆ. ಅಂಕಿ ಅಂಶಗಳು ಮಾಡಲಾಗದ ಕೆಲಸ ಇದು. ಒಂದು ಉದಾಹರಣೆ ಕೊಡುತ್ತೇನೆ. 2016ರಲ್ಲಿ ಅಮೆರಿಕದ ಪೊಲೀಸ್ ದತ್ತಾಂಶದಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳು ಕಾಣೆಯಾದ ಬಗ್ಗೆ 5,712 ವರದಿಗಳಿದ್ದವು. ನ್ಯಾಯ ಇಲಾಖೆಯ ನಾಪತ್ತೆಯಾದವರ ದತ್ತಾಂಶದಲ್ಲಿ ದಾಖಲಾಗಿದ್ದದ್ದು 116 ಮಾತ್ರ. ಇದನ್ನು ಓದಿದಾಗ ನೀವು ‘ಅಯ್ಯೋ’ ಎಂದಿರಬಹುದು. ಆದರೆ ಆ ಎರಡು ಸಂಖ್ಯೆಗಳ ನಡುವೆ ಬಿದ್ದುಹೋದ ಒಬ್ಬಳ ಹೆಸರೂ ನಿಮಗೆ ಗೊತ್ತಾಗಲಿಲ್ಲ. ಕಾದಂಬರಿ ಅವಳಿಗೊಂದು ಹೆಸರು ಕೊಡುತ್ತದೆ, ಇಷ್ಟದ ಹಾಡು ಕೊಡುತ್ತದೆ, ಜಗಳವಾಡುವ ಅಜ್ಜಿಯನ್ನು ಕೊಡುತ್ತದೆ. ಆಮೇಲೆ ಅವಳು ಮನೆಗೆ ಬರುವುದಿಲ್ಲ.

ಎರಡನೆಯ ಕಾರಣ, ಯಾರು ಹೇಳುತ್ತಿದ್ದಾರೆ ಎಂಬುದು. ಎಫ್‌ಬಿಐಗೆ ಮಾಹಿತಿ ಕೊಡಲು ಒಪ್ಪಿದ ಡಾನಿಸ್‌ಗೆ ಒಂದು ಸಂಕಟ ಶುರುವಾಗುತ್ತದೆ. ಅವಳಿಗೆ ರಸಾಯನಶಾಸ್ತ್ರವೂ ಗೊತ್ತು, ಹಿರಿಯರಿಂದ ಕಲಿತ ನಾರು ಬೇರಿನ ಔಷಧಿಯೂ ಗೊತ್ತು. ಅಧಿಕಾರಿಗಳಿಗೆ ಬೇಕಿರುವುದು ಪ್ರಕರಣ ಗೆಲ್ಲುವುದು. ಅವಳಿಗೆ ಬೇಕಿರುವುದು ಊರು ಉಳಿಯುವುದು. ತನ್ನವರ ಕಾಡಿನ ಗುಟ್ಟನ್ನು ಹೊರಗಿನವರ ಕಡತಕ್ಕೆ ಎಷ್ಟು ಕೊಡಬೇಕು, ಯಾವುದನ್ನು ಬಾಯಿ ಬಿಡಬಾರದು ಎಂದು ಅವಳು ಪ್ರತಿ ಹೆಜ್ಜೆಗೂ ತೂಗಿ ನೋಡುತ್ತಾಳೆ. ಹೊರಗಿನಿಂದ ಬಂದು ಬರೆಯುವ ಲೇಖಕರಿಗೆ ಹೊಳೆಯದ ಬಿಕ್ಕಟ್ಟು ಇದು. ಅವರು ಬುಡಕಟ್ಟನ್ನು ಒಂದೋ ಪಾಪದವರನ್ನಾಗಿ ಮಾಡುತ್ತಾರೆ, ಇಲ್ಲವೇ ಮಾಯಾಮಂತ್ರ ಬಲ್ಲವರನ್ನಾಗಿ ಮಾಡುತ್ತಾರೆ. ಬೌಲಿಯವರ ಪುಸ್ತಕದಲ್ಲಿ ಬುಡಕಟ್ಟಿನವರೊಳಗೇ ಒಳ್ಳೆಯವರಿದ್ದಾರೆ, ಕೆಟ್ಟವರಿದ್ದಾರೆ, ಹೊಟ್ಟೆಕಿಚ್ಚಿನವರಿದ್ದಾರೆ, ಕಿಡಿಗೇಡಿ ಅಜ್ಜಿಯರಿದ್ದಾರೆ. ಒಜಿಬ್ವೆ ಪದಗಳು ಮಾತಿನ ನಡುವೆ ಸಲೀಸಾಗಿ ಬಂದುಹೋಗುತ್ತವೆ.

ನಮ್ಮ ಓದುಗರಿಗೆ ಚಿರಪರಿಚಿತವೆನಿಸುವ ಇನ್ನೊಂದು ಎಳೆಯೂ ಇದೆ. ಡಾನಿಸ್‌ಳ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಲ್ಲ. ಹಾಗಾಗಿ ಅವಳು ಬುಡಕಟ್ಟಿನ ಅಧಿಕೃತ ಸದಸ್ಯೆಯಲ್ಲ. ಎಲ್ಲರಿಗೂ ಅವಳು ಯಾರ ಮಗಳೆಂದು ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. ನೇಮಕಾತಿಗೆ ಅರ್ಜಿ ಹಾಕಿ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಸರದಿ ನಿಂತು, ಸಿಂಧುತ್ವಕ್ಕೆ ಮತ್ತೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರು ಅವಳ ಪರವಾಗಿ ಅಫಿಡವಿಟ್ ಬರೆದುಕೊಡುವ ಸಂದರ್ಭ ಓದುವಾಗ ನನಗೆ ಗಂಟಲು ಕಟ್ಟಿತು. ಆ ಪುಟಗಳಲ್ಲಿ ಗುಂಡು ಹಾರುವುದಿಲ್ಲ, ಕಾರು ಓಡುವುದಿಲ್ಲ. ಆದರೂ ಅದು ಪುಸ್ತಕದ ಅತಿ ರೋಚಕ ಭಾಗ.

ಬೌಲಿಯವರು 2023ರಲ್ಲಿ ‘ವಾರಿಯರ್ ಗರ್ಲ್ ಅನರ್ಥ್ಡ್’ ಬರೆದರು. ಅದೇ ಊರು, ಹತ್ತು ವರ್ಷಗಳ ನಂತರ. ಪೆರ್ರಿ ಎಂಬ ಹದಿನಾರರ ಹುಡುಗಿ ಬೇಸಿಗೆ ರಜೆಯ ಇಂಟರ್ನ್‌ಶಿಪ್‌ಗೆ ಸೇರುತ್ತಾಳೆ. ತನ್ನ ಪೂರ್ವಜರ ಮೂಳೆಗಳು ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ ಎಂದು ಅವಳಿಗೆ ತಿಳಿಯುತ್ತದೆ. ಅವುಗಳನ್ನು ಮರಳಿಸಬೇಕೆಂದು 1990ರಲ್ಲೇ ಕಾನೂನು ಬಂದಿದೆ. ಆದರೆ ‘ಯಾವ ಸಮುದಾಯಕ್ಕೆ ಸೇರಿದವೆಂದು ಗುರುತಿಸಲಾಗದು’ ಎಂಬ ಒಂದು ವಾಕ್ಯ ಬರೆದು ಸಂಸ್ಥೆಗಳು ಮೂಳೆಗಳನ್ನು ಕಪಾಟಿನಲ್ಲೇ ಉಳಿಸಿಕೊಳ್ಳಬಹುದಿತ್ತು. 2023ರ ಆರಂಭದಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಪತ್ರಿಕಾ ಸಂಸ್ಥೆ ಲೆಕ್ಕ ಹಾಕಿದಾಗ, 1,10,000ಕ್ಕೂ ಹೆಚ್ಚು ಮಂದಿಯ ಅವಶೇಷಗಳು ಇನ್ನೂ ಸಂಸ್ಥೆಗಳಲ್ಲೇ ಇದ್ದವು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಆ ನುಣುಚುವ ದಾರಿಯನ್ನು ಮುಚ್ಚಿದವು. ಪೆರ್ರಿ ಏನು ಮಾಡುತ್ತಾಳೆ? ಕಾಯುವ ಸಹನೆ ಇಲ್ಲದ ಹುಡುಗಿ, ಕಳ್ಳತನದ ಯೋಜನೆ ಹಾಕುತ್ತಾಳೆ. ಇಲ್ಲಿ ಕಳ್ಳರು ಯಾರು ಎಂಬ ಪ್ರಶ್ನೆ ಇಡೀ ಪುಸ್ತಕದ ಉದ್ದಕ್ಕೂ ಓಡುತ್ತದೆ.

ಇದು ಬರೀ ಅಮೆರಿಕದ ಸಂಗತಿ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿ ನಮ್ಮ ನಾಗಾ ಜನರ 200ಕ್ಕೂ ಹೆಚ್ಚು ಪೂರ್ವಜರ ಅವಶೇಷಗಳಿವೆ, ಬ್ರಿಟಿಷರ ಕಾಲದಲ್ಲಿ ಒಯ್ದದ್ದು. 2020ರಲ್ಲಿ ಆ ಸಂಗ್ರಹಾಲಯ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದ ಮೇಲೆ, ಅವನ್ನು ಮರಳಿ ತರುವ ಮಾತುಕತೆಯನ್ನು ನಾಗಾ ಸಮುದಾಯದವರೇ ಮುನ್ನಡೆಸುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲೇ ಒಂದು ನಾಗಾ ತಲೆಬುರುಡೆ ಹರಾಜಿಗೆ ಬಂತು. ಪ್ರತಿಭಟನೆ ಎದ್ದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಆ ಸುದ್ದಿಯನ್ನು ನಾನೂ ಪ್ರಚಲಿತ ವಿದ್ಯಮಾನದ ನೋಟ್ಸ್‌ನಲ್ಲಿ ಬರೆದುಕೊಂಡಿರಬೇಕು. ಪೆರ್ರಿಯ ಕಥೆ ಓದುವವರೆಗೂ ಅದು ಯಾರದೋ ಮುತ್ತಜ್ಜನ ತಲೆ ಎಂದು ನನಗೆ ಅನ್ನಿಸಿರಲಿಲ್ಲ.

2025ರಲ್ಲಿ ಬಂದ ಮೂರನೆಯ ಪುಸ್ತಕ ‘ಸಿಸ್ಟರ್ಸ್ ಇನ್ ದಿ ವಿಂಡ್’, ಮಕ್ಕಳನ್ನು ಮನೆಯಿಂದ ಬೇರ್ಪಡಿಸುವ ಕುರಿತದ್ದು. ಪರರ ಮನೆಗಳಲ್ಲಿ ಬೆಳೆದ, ತನ್ನವರು ಯಾರೆಂದೇ ತಿಳಿಯದ ಲೂಸಿ ಅದರ ನಾಯಕಿ. 1978ಕ್ಕೆ ಮುಂಚೆ ಅಮೆರಿಕದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ನೂರಕ್ಕೆ 25ರಿಂದ 35ರಷ್ಟು ಮಂದಿಯನ್ನು ತಂದೆ ತಾಯಿಯಿಂದ ಬೇರ್ಪಡಿಸಲಾಗಿತ್ತು. ಅದನ್ನು ತಡೆಯಲೆಂದೇ ಆ ವರ್ಷ ಕಾಯ್ದೆ ತಂದರು. ಅದನ್ನು ರದ್ದು ಮಾಡಬೇಕೆಂದು ಹೂಡಿದ ದಾವೆ ಸುಪ್ರೀಂ ಕೋರ್ಟಿನ ತನಕ ಹೋಗಿ, 2023ರಲ್ಲಿ ಕಾಯ್ದೆ ಉಳಿಯಿತು. ಬೌಲಿಯವರ ಮೂರೂ ಪುಸ್ತಕಗಳು ಓಡಿಸಿಕೊಂಡು ಹೋಗುತ್ತವೆ, ಮೂರರ ತಳದಲ್ಲೂ ಕಾನೂನಿನ ಒಂದೊಂದು ಬಿರುಕಿದೆ.

ಈಗ ಎದುರು ವಾದಕ್ಕೆ ಬರೋಣ. ನೋವನ್ನು ಮನರಂಜನೆ ಮಾಡಿದಂತಾಗುವುದಿಲ್ಲವೇ? ಆಗಬಹುದು. ಅತ್ಯಾಚಾರವನ್ನು ತಿರುವಿಗಾಗಿ ಬಳಸುವ, ಸತ್ತ ಹುಡುಗಿಯನ್ನು ಮೊದಲ ಅಧ್ಯಾಯದ ಅಲಂಕಾರ ಮಾಡುವ ಪುಸ್ತಕ, ಸಿನಿಮಾ, ವೆಬ್ ಸರಣಿಗಳಿಗೆ ಬರವಿಲ್ಲ. ನಾನು ಹಾಕಿಕೊಂಡಿರುವ ಅಳತೆ ಸರಳ. ಪುಸ್ತಕ ಮುಚ್ಚಿದ ಮೇಲೆ ಕೊಂದವನ ಹೆಸರು ಮಾತ್ರ ನೆನಪಿದ್ದರೆ ಅದು ಮನರಂಜನೆ. ಸತ್ತವಳು ಏನು ಓದಬೇಕೆಂದಿದ್ದಳು, ಅವಳ ಮನೆಯವರು ಆಮೇಲೆ ಹೇಗೆ ಊಟಕ್ಕೆ ಕೂತರು ಎಂಬುದು ನೆನಪಿದ್ದರೆ ಅದು ಬೇರೆಯೇ. ಬೌಲಿಯವರ ಪುಸ್ತಕದಲ್ಲಿ ಅಂತ್ಯಸಂಸ್ಕಾರಕ್ಕೂ ಶೋಕಕ್ಕೂ ತನಿಖೆಯಷ್ಟೇ ಜಾಗವಿದೆ. ಕಥೆ ನಿಂತರೂ ಪರವಾಗಿಲ್ಲ, ಅಳುವವರು ಅತ್ತು ಮುಗಿಸಲಿ ಎಂದು ಅವರು ಕಾಯುತ್ತಾರೆ.

ಎಳೆಯರಿಗೆ ಇಷ್ಟು ಕಹಿ ಬೇಕೇ ಎಂದು ಕೇಳುವವರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ 2016ರ ಅಧ್ಯಯನದ ಪ್ರಕಾರ, ಮೂಲನಿವಾಸಿ ಮಹಿಳೆಯರಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಬದುಕಿನಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಕಂಡವರು. ಅಂಥ ಮನೆಗಳಲ್ಲಿ ಬೆಳೆಯುವ ಹದಿಹರೆಯದವರಿಗೆ ಕಹಿ ಹೊಸದಲ್ಲ. ಅದನ್ನು ಯಾರಾದರೂ ಹೆಸರಿಟ್ಟು ಹೇಳಿದ್ದು ಮಾತ್ರ ಹೊಸದು.

ಕೊನೆಯ ಆಕ್ಷೇಪ ನನ್ನ ಮೇಲೆಯೇ ಇದೆ, ಎತ್ತಿದವಳೂ ನಾನೇ. ದೂರದ ಮಿಷಿಗನ್‌ನ ಹುಡುಗಿಗಾಗಿ ಕಣ್ಣೀರಿಡುವುದು ಸುಲಭ. ಅವಳ ಸಂಕಟಕ್ಕೆ ನಾನು ಹೊಣೆಯಲ್ಲ, ಅವಳು ಎದ್ದು ಬಂದು ನನ್ನನ್ನು ಏನೂ ಕೇಳುವುದಿಲ್ಲ. ಪಕ್ಕದ ಮಂಚದವಳು ಕೇಳಬಹುದಿತ್ತು.

ಆ ಹಿಂದಿನ ವರ್ಷ ಕೋಚಿಂಗ್ ಕೇಂದ್ರವೊಂದರಲ್ಲಿ ಗುಂಪು ಚರ್ಚೆ ಇತ್ತು. ವಿಷಯ ಬುಡಕಟ್ಟು ಅಭಿವೃದ್ಧಿ. ನಾನು ಎದ್ದು ನಿಂತು, ‘ಅವರನ್ನು ಮುಖ್ಯವಾಹಿನಿಗೆ ತರಬೇಕು’ ಎಂದು ಐದು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಅವಳೂ ಅಂದು ನನ್ನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ದಾರಿಯಲ್ಲಿ ಬರುವಾಗ ‘ಚೆನ್ನಾಗ್ ಮಾತಾಡ್ದೆ ಅಕ್ಕ’ ಎಂದಳು. ಬೇರೇನೂ ಹೇಳಲಿಲ್ಲ. ಅವಳ ಅಜ್ಜನ ಕಾಲದಲ್ಲಿ ಅವರ ಮನೆಯವರನ್ನು ನಾಗರಹೊಳೆಯ ಕಾಡಿನಿಂದ ಹೊರಗೆ ಕಳಿಸಿದ್ದರು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿದ್ದೂ ನಾನು ಕೇಳಿರಲಿಲ್ಲ. ‘ಗೊತ್ತಿದ್ದೂ ಯಾರೂ ಯಾಕೆ ಕೇಳಲಿಲ್ಲ’ ಎಂದು ಮೇಲೆ ಬರೆದೆನಲ್ಲ, ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಪುಸ್ತಕ ಮುಗಿಸಿದ ಮೇಲೆ ಅವಳಿಗೆ ಕೊಟ್ಟೆ. ಇಂಗ್ಲಿಷ್ ಕಷ್ಟವಾದ ಕಡೆ ಇಬ್ಬರೂ ಕೂತು ಬಿಡಿಸಿಕೊಂಡೆವು. ರಾತ್ರಿ ಹತ್ತರ ನಂತರ ಒಂದು ಅಧ್ಯಾಯ, ಅದೇ ಲೆಕ್ಕ. ಮುಗಿದ ದಿನ ಅವಳು ಹೇಳಿದ್ದು ನನಗೆ ನೆನಪಿದೆ: ‘ಅಕ್ಕ, ಇದ್ರಲ್ಲಿ ಅವ್ರುನ್ನ ಯಾರೂ ಪಾಪ ಅನ್ನಲ್ಲ ನೋಡು.’ ಸ್ವಲ್ಪ ಹೊತ್ತಿನ ಮೇಲೆ, ‘ನಮ್ಮಜ್ಜಿನೂ ಹಿಂಗೇಯ. ಗಿಡ ಯಾವ್ದು ಅಂತ ಹೊರಗ್ನೋರು ಕೇಳುದ್ರೆ ಬೇರೆ ಗಿಡ ತೋರಿಸ್ತಾಳೆ’ ಎಂದು ಜೋರಾಗಿ ನಕ್ಕಳು. ಅಂದಿನ ನಗು ಹಿಂದಿನ ನಗುವಿನಂತಿರಲಿಲ್ಲ. ಆ ರಾತ್ರಿ ಎರಡು ಗಂಟೆಯವರೆಗೆ ಅವಳು ಮಾತಾಡಿದಳು, ನಾನು ಕೇಳಿಸಿಕೊಂಡೆ. ಏನು ಹೇಳಿದಳು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಕಥೆ. ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು ಎಂದು ತೀರ್ಮಾನಿಸಬೇಕಾದವಳು ಅವಳು. ಡಾನಿಸ್‌ಳಿಂದ ನಾನು ಕಲಿತ ಪಾಠ ಇದೇ.

ಕನ್ನಡಕ್ಕೆ ಈ ಪ್ರಕಾರ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಓದಿನ ರುಚಿ ಹತ್ತಿಸಿಕೊಂಡ ಒಂದು ತಲೆಮಾರು ನಮ್ಮ ಮನೆಗಳಲ್ಲಿದೆ. ನಮ್ಮ ತಾತನೇ ಸಾಕ್ಷಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಒಬ್ಬ ವಿಜ್ಞಾನಿಯ ಸಾವಿನ ತನಿಖೆ ನಡೆಯುತ್ತದೆ. ಆ ನೆಪದಲ್ಲಿ ಮಲೆನಾಡಿನ ಊರೊಂದರ ಜಾತಿ, ಧರ್ಮ, ಏಲಕ್ಕಿ ತೋಟ, ಕಾಡಿನ ನಾಶ ಎಲ್ಲವೂ ಬಯಲಾಗುತ್ತದೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ‘ಜುಗಾರಿ ಕ್ರಾಸ್’ ಅಂತೂ ಹಿಡಿದರೆ ಬಿಡಿಸದ ಥ್ರಿಲ್ಲರ್. ಗಂಭೀರ ವಿಷಯ ಮತ್ತು ರೋಚಕತೆ ಒಂದೇ ತಟ್ಟೆಯಲ್ಲಿ ಉಣ್ಣಬಹುದೆಂದು ಕನ್ನಡದ ಓದುಗರಿಗೆ ಮೊದಲೇ ಗೊತ್ತಿದೆ. ಹಾಡಿಯ ಹುಡುಗಿಯೊಬ್ಬಳು ತಾನೇ ಬರೆದ, ಅವಳೇ ಪತ್ತೇದಾರಳಾದ ಕಾದಂಬರಿ ನಮ್ಮ ಕಾಲೇಜು ಗ್ರಂಥಾಲಯದ ಕಪಾಟಿನಲ್ಲಿ ಇರುವುದನ್ನು ನೋಡುವ ಆಸೆ ನನ್ನದು.

ಬರೆಯುವ ಆಸೆ ಇದ್ದೂ ‘ಮೊದಲು ಕೆಲಸ ಸಿಗಲಿ’ ಎಂದು ಮುಂದೂಡುತ್ತಿರುವವರು ಈ ಪುಟದ ಓದುಗರಲ್ಲಿ ಬಹಳ ಮಂದಿ ಇರುತ್ತೀರಿ. ನಿಮಗೊಂದು ಮಾತು. ಬೌಲಿಯವರಿಗೆ ಈ ಕಥೆಯ ಎಳೆ ಸಿಕ್ಕಿದ್ದು ಹೈಸ್ಕೂಲಿನ ಕೊನೆಯ ವರ್ಷದಲ್ಲಿ. ಮೂಲನಿವಾಸಿ ಹುಡುಗಿಯೊಬ್ಬಳು ಪತ್ತೇದಾರಳಾದರೆ ಹೇಗಿರುತ್ತದೆ ಎಂಬ ಯೋಚನೆ ಅದು. ಅವರು ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ. ಬರೆದು ಮುಗಿಸಲು ಹತ್ತು ವರ್ಷ ಹಿಡಿಯಿತು. ಅವರು ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಮೂಲನಿವಾಸಿಗಳ ಶಿಕ್ಷಣ ಕಚೇರಿಯ ನಿರ್ದೇಶಕಿಯೂ ಆಗಿದ್ದವರು. ಸರ್ಕಾರಿ ಕಡತಗಳು ಹೇಳಲಾರದ್ದನ್ನು ಹೇಳಲು ಅವರಿಗೂ ಕಾದಂಬರಿಯೇ ಬೇಕಾಯಿತು.

ನನ್ನ ಗೆಳತಿ ಈಗ ಬಿ.ಇಡಿ. ಮಾಡುತ್ತಿದ್ದಾಳೆ. ನಾನು ಇನ್ನೂ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ಆ ಒಂದು ಅಂಕದ ಪ್ರಶ್ನೆ ಮುಂದಿನ ಸಲವೂ ಬರಬಹುದು, ಉತ್ತರವನ್ನೂ ಬರೆಯುತ್ತೇನೆ, ಅಂಕ ಬೇಕಲ್ಲ. ಆದರೆ ಜೋರಾಗಿ ಉರು ಹೊಡೆಯುವುದನ್ನು ಬಿಟ್ಟಿದ್ದೇನೆ. ನಿಮ್ಮ ಹಾಸ್ಟೆಲ್ಲಿನಲ್ಲೂ ಪಕ್ಕದ ಮಂಚದಲ್ಲಿ ಯಾರೋ ಇರುತ್ತಾರೆ. ಈ ಪುಸ್ತಕಗಳನ್ನು ಹುಡುಕಿ ಓದಿ. ಮುಗಿದ ಮೇಲೆ ಅವರ ಕಡೆ ತಿರುಗಿ, ‘ನಿಮ್ಮೂರು ಯಾವುದು, ನಿಮ್ಮಜ್ಜಿ ಹೇಗಿದ್ದಾರೆ’ ಎಂದು ಕೇಳಿ. ಅವರಿಗೆ ಇಷ್ಟವಿದ್ದರೆ ಹೇಳುತ್ತಾರೆ.